ಈ ನಾಯಿ ಯಾವ ದೇಶದ್ದು? ಹಳೆ ರೆಕಾರ್ಡುಗಳ ಲೇಬಲ್ ಓದಲು ಸಮಗ್ರ ಮಾರ್ಗದರ್ಶಿ

ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಹಳೆ ಮಿಕ್ಸಿ ಜಾರುಗಳ ಪಕ್ಕದಲ್ಲಿ ನನಗೊಂದು ಬೀಟಲ್ಸ್ ಎಲ್‌ಪಿ ಸಿಕ್ಕಿತು. ಕಪ್ಪು ಲೇಬಲ್, ಮೇಲೆ ಹಳದಿ ಬಣ್ಣದಲ್ಲಿ ಪಾರ್ಲೋಫೋನ್ ಹೆಸರು. "ಸಾರ್, ಇಂಗ್ಲೆಂಡ್ ಮಾಲು" ಅಂದ ಮಾರುವವನು. ಚೌಕಾಸಿ ಮಾಡಿ ತಂದೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ, ಲೇಬಲ್ಲಿನ ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಇಂಡಿಯಾ' ಎಂದಿತ್ತು! ಮೋಸ ಹೋದೆ ಅಂದುಕೊಂಡು ಹಾಗೇ ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದೆ. ಹಾಡು ಮುಗಿದ ಮೇಲೆ ಬರುವ ಖಾಲಿ ಜಾಗದಲ್ಲಿ ಬ್ರಿಟನ್ನಿನ ಮ್ಯಾಟ್ರಿಕ್ಸ್ ನಂಬರ್, ಅಂದರೆ ಅಚ್ಚಿನ ಗುರುತಿನ ಸಂಖ್ಯೆ, ಇತ್ತು. ಅಂದರೆ ಅಚ್ಚಿನ ಮೂಲ ಇಂಗ್ಲೆಂಡಿನದು, ತಟ್ಟೆ ಒತ್ತಿದ್ದು ಕೋಲ್ಕತ್ತದ ದಮ್‌ದಮ್‌ನಲ್ಲಿ. ಮಾರಿದವನು ಅರ್ಧ ನಿಜ ಹೇಳಿದ್ದ. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ರೆಕಾರ್ಡಿನ ಊರು ಯಾವುದು ಎಂದು ಹೇಳುವ ಸಾಕ್ಷಿಗಳು ಇಬ್ಬರು. ಒಬ್ಬ ಲೇಬಲ್, ಇನ್ನೊಬ್ಬ ಆ ಖಾಲಿ ಜಾಗ. ಅದನ್ನು ರನ್‌ಔಟ್ ಅನ್ನುತ್ತಾರೆ. ಒಬ್ಬನನ್ನೇ ನಂಬಿದರೆ ನನ್ನ ಹಾಗೆ ಆಗುತ್ತದೆ. ಇಬ್ಬರ ಮಾತನ್ನೂ ಕೇಳುವುದು ಹೇಗೆ ಎಂದು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಹೆಚ್ಚು ಮಾತು ಲೇಬಲ್ ಬಗ್ಗೆ. ಏಕೆಂದರೆ ಅಂಗಡಿಯಲ್ಲಿ ಅಥವಾ ಫೋಟೋದಲ್ಲಿ ನಮಗೆ ಮೊದಲು ಕಾಣುವುದು ಅದೇ.

ಮೊದಲು ಕೈಯಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್, ಮೊಬೈಲ್ ಟಾರ್ಚ್, ಒಂದು ನೋಟ್‌ಬುಕ್. ಇಷ್ಟೇ ಸಾಕು. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ತಟ್ಟೆಯ ಮಟ್ಟಕ್ಕೆ ತಂದು ಪಕ್ಕದಿಂದ ಬಿಡಿ. ಗೀಚಿದ ಅಕ್ಷರ, ಒತ್ತಿದ ಅಕ್ಷರ ಎರಡೂ ಎದ್ದು ಕಾಣುತ್ತವೆ. ಲೇಬಲ್ ಕೊಳೆಯಾಗಿದ್ದರೆ ಒದ್ದೆ ಬಟ್ಟೆ ಹಾಕಿ ಉಜ್ಜಬೇಡಿ. ಅದು ಕಾಗದ, ಶಾಯಿ ಎದ್ದು ಬರುತ್ತದೆ.

ಹಂತ 1: ದೊಡ್ಡ ಅಕ್ಷರದ ಹೆಸರನ್ನು ನಂಬಬೇಡಿ

ಹೊಸದಾಗಿ ಸಂಗ್ರಹಕ್ಕೆ ಇಳಿದವರು ಎಡವುವುದು ಇಲ್ಲೇ. ಕೊಲಂಬಿಯಾ ಅಂದರೆ ಅಮೆರಿಕ, ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್) ಅಂದರೆ ಇಂಗ್ಲೆಂಡ್ ಅಂದುಕೊಳ್ಳುತ್ತಾರೆ. ಆದರೆ ರೆಕಾರ್ಡ್ ಲೋಕದಲ್ಲಿ ಒಂದೇ ಹೆಸರಿಗೆ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಯಜಮಾನರು. ಹೆಸರಿನ ಹಕ್ಕನ್ನು ದೇಶ ದೇಶಕ್ಕೆ ಹಂಚಿಕೊಂಡಿದ್ದರು, ಅಣ್ಣ ತಮ್ಮಂದಿರು ಜಮೀನು ಹಂಚಿಕೊಂಡ ಹಾಗೆ.

ಎಚ್‌ಎಂವಿ ಲೇಬಲ್ಲಿನಲ್ಲಿ ಗ್ರಾಮಫೋನಿನ ಬಾಯಿಗೆ ಕಿವಿ ಕೊಟ್ಟು ಕೂತ ಆ ನಾಯಿಯನ್ನೇ ನೋಡಿ. ಹೆಸರು ನಿಪ್ಪರ್, ಚಿತ್ರ ಬರೆದವರು ಫ್ರಾನ್ಸಿಸ್ ಬರಾಡ್. ಲಂಡನ್ನಿನ ಗ್ರಾಮಫೋನ್ ಕಂಪನಿ 1899ರಲ್ಲಿ ಆ ಚಿತ್ರ ಕೊಂಡಿತು. ಬ್ರಿಟನ್ ಮತ್ತು ಭಾರತದಲ್ಲಿ ನಾಯಿ ಈ ಕಂಪನಿಯದಾಗಿತ್ತು, 1931ರ ನಂತರ ಇಎಂಐ ಎಂಬ ರೆಕಾರ್ಡ್ ಕಂಪನಿಗಳ ಗುಂಪಿನದಾಯಿತು. ಆದರೆ ಅಮೆರಿಕದಲ್ಲಿ ಅದೇ ನಾಯಿ ವಿಕ್ಟರ್ ಕಂಪನಿಯದು, 1929ರಿಂದ ಆರ್‌ಸಿಎ ವಿಕ್ಟರ್‌ದು. ಜಪಾನಿನಲ್ಲಿ ಜಪಾನ್ ವಿಕ್ಟರ್ ಕಂಪನಿಯದು. ಹಾಗಾಗಿ ಇಎಂಐ ಅಮೆರಿಕದಲ್ಲಿ ನಾಯಿ ಹಾಕಿ ಮಾರುವಂತಿರಲಿಲ್ಲ. 1953ರಲ್ಲಿ ಅಲ್ಲಿ 'ಏಂಜೆಲ್' ಎಂಬ ಲೇಬಲ್ ತೆರೆಯಿತು. ಪಂಡಿತ್ ರವಿಶಂಕರ್ ಮತ್ತು ಪಿಟೀಲುವಾದಕ ಯೆಹೂದಿ ಮೆನುಹಿನ್ ಜೊತೆಯಾಗಿ ಮಾಡಿದ 'ವೆಸ್ಟ್ ಮೀಟ್ಸ್ ಈಸ್ಟ್' ಬ್ರಿಟನ್ನಿನಲ್ಲಿ ನಾಯಿ ಲೇಬಲ್ಲಿನಲ್ಲಿ, ಅಮೆರಿಕದಲ್ಲಿ ದೇವದೂತನ ಲೇಬಲ್ಲಿನಲ್ಲಿ ಬಂದದ್ದು ಇದೇ ಕಾರಣಕ್ಕೆ. ಅದರ ಉಲ್ಟಾ ಕೂಡ ನಿಜ. ಬ್ರಿಟನ್ನಿನಲ್ಲಿ ಬಂದ ಆರ್‌ಸಿಎ ತಟ್ಟೆಯ ಮೇಲೆ ನಾಯಿ ಇರುವುದಿಲ್ಲ.

ಯುರೋಪಿನ ಬೇರೆ ದೇಶಗಳಲ್ಲಿ ನಾಯಿ ಅದೇ, ಆದರೆ ಭಾಷೆ ಬದಲಾಗುತ್ತದೆ. ಫ್ರಾನ್ಸಿನಲ್ಲಿ 'ಲಾ ವ್ವಾ ದ ಸೋಂ ಮೇತ್ರ್', ಇಟಲಿಯಲ್ಲಿ 'ಲಾ ವೋಚೆ ದೆಲ್ ಪದ್ರೋನೆ', ಸ್ಪೇನಿನಲ್ಲಿ 'ಲಾ ವೋಸ್ ದೆ ಸು ಅಮೊ', ಜರ್ಮನಿಯಲ್ಲಿ 'ಎಲೆಕ್ಟ್ರೋಲಾ'. ಮೊದಲ ಮೂರಕ್ಕೂ ಅರ್ಥ ಒಂದೇ, ಒಡೆಯನ ದನಿ.

ಕೊಲಂಬಿಯಾದ್ದು ಇನ್ನೂ ಗೋಜಲು. ಮೂಲ ಕಂಪನಿ ಅಮೆರಿಕದ್ದು. ಅದರ ಬ್ರಿಟಿಷ್ ಶಾಖೆ 1920ರ ದಶಕದಲ್ಲೇ ಬೇರೆಯಾಯಿತು, 1931ರಲ್ಲಿ ಗ್ರಾಮಫೋನ್ ಕಂಪನಿಯ ಜೊತೆ ಸೇರಿ ಇಎಂಐ ಆಯಿತು. ಅಮೆರಿಕದ ಕೊಲಂಬಿಯಾವನ್ನು 1938ರಲ್ಲಿ ಸಿಬಿಎಸ್ ಎಂಬ ರೇಡಿಯೋ ಕಂಪನಿ ಕೊಂಡಿತು. ಜಪಾನಿನ ನಿಪ್ಪಾನ್ ಕೊಲಂಬಿಯಾ ಮೂರನೆಯದು. ಇದು ಗೊತ್ತಿದ್ದರೆ ಒಂದು ಸಂಗತಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಎಲ್‌ಪಿ 1959ರಲ್ಲಿ ಅಮೆರಿಕದಲ್ಲಿ ಕೊಲಂಬಿಯಾ ಲೇಬಲ್ಲಿನಲ್ಲಿ ಬಂತು. ಮೋನೋಗೆ ಸಿಎಲ್ 1355, ಸ್ಟೀರಿಯೋಗೆ ಸಿಎಸ್ 8163. ಬ್ರಿಟನ್ನಿನಲ್ಲಿ ಕೊಲಂಬಿಯಾ ಹೆಸರು ಇಎಂಐ ಕೈಯಲ್ಲಿ ಇತ್ತಲ್ಲ, ಹಾಗಾಗಿ ಅಲ್ಲಿ ಅದು ಬಂದದ್ದು 'ಫೊಂಟಾನಾ' ಲೇಬಲ್ಲಿನಲ್ಲಿ. 1962ರಿಂದ ಬ್ರಿಟನ್ ಮತ್ತು ಯುರೋಪಿನಲ್ಲಿ 'ಸಿಬಿಎಸ್' ಎಂಬ ಲೇಬಲ್ಲೇ ಶುರುವಾಯಿತು.

ನಮ್ಮ ಮನೆಗಳ ಅಟ್ಟದ ಮೇಲೆ ಸಿಗುವ ಕೊಲಂಬಿಯಾ ತಟ್ಟೆಗಳೂ ಅಮೆರಿಕದ್ದಲ್ಲ. ಅವು ಇಎಂಐ ಕಡೆಯ ಕೊಲಂಬಿಯಾ. ಜೋಡಿ ಸ್ವರದ ಗುರುತು ಇರುವ ಆ ತಟ್ಟೆ ಒತ್ತಿದ್ದು ಎಚ್‌ಎಂವಿ ತಟ್ಟೆ ಒತ್ತಿದ ಅದೇ ದಮ್‌ದಮ್ ಕಾರ್ಖಾನೆಯಲ್ಲಿ.

ಡೆಕ್ಕಾ ಕಥೆಯಲ್ಲಿ ಜೇಬಿಗೆ ಲಾಭ ಇದೆ, ಗಮನವಿಟ್ಟು ಓದಿ. ಬ್ರಿಟಿಷ್ ಡೆಕ್ಕಾ ಅಮೆರಿಕದಲ್ಲಿ 1934ರಲ್ಲಿ ಒಂದು ಕಂಪನಿ ಮಾಡಿತು, ಆಮೇಲೆ ಅದು ಕೈ ಬಿಟ್ಟುಹೋಯಿತು, ಹೆಸರೂ ಅದರ ಜೊತೆ ಹೋಯಿತು. ಹಾಗಾಗಿ ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ಡೆಕ್ಕಾ ಅಮೆರಿಕದಲ್ಲಿ 'ಲಂಡನ್' ಎಂಬ ಹೆಸರಿನಲ್ಲಿ ಮಾರಿತು. ಆ ಲಂಡನ್ ತಟ್ಟೆಗಳಲ್ಲಿ, ಅದರಲ್ಲೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವುಗಳಲ್ಲಿ, ಬಹಳಷ್ಟು ಇಂಗ್ಲೆಂಡಿನಲ್ಲೇ ಒತ್ತಿ ಹಡಗು ಹತ್ತಿಸಿದವು. ಲೇಬಲ್ಲಿನಲ್ಲಿ 'ಮೇಡ್ ಇನ್ ಇಂಗ್ಲೆಂಡ್' ಎಂದೇ ಇರುತ್ತದೆ. ಕಾರ್ಖಾನೆ ಅದೇ, ಅಚ್ಚು ಅದೇ, ಕಾಗದ ಮಾತ್ರ ಬೇರೆ. ಹಿಂಬದಿ ನೀಲಿ ಇರುವ ಹಳೆಯ ಲಂಡನ್ ಸ್ಟೀರಿಯೋ ಕವರುಗಳನ್ನು 'ಬ್ಲೂಬ್ಯಾಕ್' ಎನ್ನುತ್ತಾರೆ. ಡೆಕ್ಕಾದ ಎಸ್‌ಎಕ್ಸ್‌ಎಲ್ ಎಂಬ ಸ್ಟೀರಿಯೋ ಸರಣಿಯ ತಟ್ಟೆಗೆ ಕೈ ಎಟಕದಿದ್ದರೆ ಇದನ್ನು ನೋಡಿ. ಲೇಬಲ್ ಮೇಲಿನ ಹೆಸರಿಗೆ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ಅಲ್ವಾ?

ಹಂತ 2: ಅಂಚಿನ ಸಣ್ಣ ಅಕ್ಷರ ಓದಿ

ಲೇಬಲ್ಲಿನ ಸುತ್ತ ಇರುವೆ ಸಾಲಿನಂತೆ ಅಕ್ಷರ ಇರುತ್ತದೆ. ಈ ತಟ್ಟೆಯನ್ನು ನಕಲು ಮಾಡಬಾರದು, ಸಾರ್ವಜನಿಕವಾಗಿ ನುಡಿಸಬಾರದು ಎಂಬ ಎಚ್ಚರಿಕೆ ಅದು. ಯಾರೂ ಓದುವುದಿಲ್ಲ. ನೀವು ಓದಿ. ಅಲ್ಲಿ ಮೂರು ವಿಷಯ ಹುಡುಕಿ: ಯಾವ ಕಂಪನಿ, ಯಾವ ದೇಶ, ಯಾವ ಭಾಷೆ.

ಇಎಂಐ ಗುಂಪಿನದೇ ಆದ ಬ್ರಿಟನ್ನಿನ ಪಾರ್ಲೋಫೋನ್ ಇದಕ್ಕೆ ಒಳ್ಳೆ ಪಾಠ. ಬೀಟಲ್ಸ್ ಮೊದಲ ಎಲ್‌ಪಿ 'ಪ್ಲೀಸ್ ಪ್ಲೀಸ್ ಮಿ' 1963ರ ಮಾರ್ಚ್‌ನಲ್ಲಿ ಬಂದಾಗ ಲೇಬಲ್ ಕಪ್ಪು ಮತ್ತು ಚಿನ್ನದ ಬಣ್ಣದ್ದು. ಕೆಲವೇ ತಿಂಗಳಲ್ಲಿ ಕಪ್ಪು ಹಳದಿ ಬಂತು. ಚಿನ್ನದ ಬಣ್ಣದ್ದು ಸಿಕ್ಕರೆ ಸಂಗ್ರಹಕಾರರು ಕುಣಿಯುತ್ತಾರೆ. ಕಪ್ಪು ಹಳದಿಯಲ್ಲೂ ವಯಸ್ಸು ಹೇಳಬಹುದು. ಅಂಚಿನ ಸಾಲು 'ದಿ ಪಾರ್ಲೋಫೋನ್ ಕಂ. ಲಿ.' ಎಂದು ಶುರುವಾದರೆ ಹಳೆಯದು. 'ದಿ ಗ್ರಾಮಫೋನ್ ಕಂ. ಲಿ.' ಎಂದಿದ್ದರೆ 1960ರ ದಶಕದ ನಡುವಿನಿಂದ ಈಚೆಯದು. 'ಇಎಂಐ ರೆಕಾರ್ಡ್ಸ್ ಲಿ.' ಎಂದಿದ್ದರೆ 1973ರ ನಂತರದ್ದು. ಏಕೆಂದರೆ ಆ ವರ್ಷ ಕಂಪನಿಯ ಹೆಸರೇ ಬದಲಾಯಿತು.

ಮಧ್ಯದಲ್ಲಿ ಇನ್ನೊಂದು ಸಾಲು ಇರಬಹುದು: ಯುಕೆಯಲ್ಲಿ ಮರುಮಾರಾಟ ಬೆಲೆಯ ಷರತ್ತಿಗೆ ಒಳಪಟ್ಟು ಮಾರಲಾಗಿದೆ, ಬೆಲೆ ಪಟ್ಟಿ ನೋಡಿ ಎಂಬರ್ಥದ್ದು. ಅಂಗಡಿಯವನು ಕಂಪನಿ ಹೇಳಿದ ಬೆಲೆಗಿಂತ ಕಡಿಮೆಗೆ ಮಾರುವಂತಿಲ್ಲ ಎಂಬ ಕಟ್ಟುಪಾಡು ಅದು. ಇಎಂಐ ಲೇಬಲ್ಲುಗಳಲ್ಲಿ ಈ ಸಾಲು 1964ರಿಂದ 1969ರವರೆಗೆ ಕಾಣುತ್ತದೆ. 1960ರ ದಶಕದ ಬ್ರಿಟಿಷ್ ತಟ್ಟೆಗಳಲ್ಲಿ ನಡುವಿನ ತೂತಿನ ಹತ್ತಿರ 'ಕೆಟಿ' ಮುಂತಾದ ಎರಡು ಅಕ್ಷರ ಒತ್ತಿರುವುದೂ ಉಂಟು. ಅದು ಆಗಿನ ಖರೀದಿ ತೆರಿಗೆಯ ಸಂಕೇತ. ಅಲ್ಲಿನ ಸರ್ಕಾರ ತೆರಿಗೆ ಏರಿಸಿ ಇಳಿಸಿದ್ದರ ಗುರುತು ಇವತ್ತು ನಮಗೆ ತಟ್ಟೆಯ ವಯಸ್ಸು ಹೇಳುತ್ತದೆ!

ದೇಶದ ಹೆಸರೇ ಕೆಲವೊಮ್ಮೆ ಕ್ಯಾಲೆಂಡರ್. 'ವೆಸ್ಟ್ ಜರ್ಮನಿ' ಎಂದಿದ್ದರೆ 1990ರ ಒಳಗಿನದು. ಚೆಕೊಸ್ಲೊವಾಕಿಯಾದ ಸುಪ್ರಾಫೋನ್, ಯುಗೊಸ್ಲಾವಿಯಾದ ಯುಗೊಟೋನ್, ಪೂರ್ವ ಜರ್ಮನಿಯ ಅಮಿಗಾ ಮತ್ತು ಎಟೆರ್ನಾ, ಇವುಗಳ ದೇಶಗಳೇ ಈಗ ಇಲ್ಲ.

ಹಂತ 3: ಕ್ಯಾಟಲಾಗ್ ನಂಬರಿನ ಬಾಲ ನೋಡಿ

ಇದು ನನಗೆ ತುಂಬಾ ಇಷ್ಟದ ಹಂತ. ಲೇಬಲ್ ನೋಡಲು ಒಂದೇ ಥರ ಇದ್ದರೂ ನಂಬರಿನ ಒಂದು ಅಕ್ಷರ ಗುಟ್ಟು ಬಿಟ್ಟುಕೊಡುತ್ತದೆ.

ಪಾರ್ಲೋಫೋನ್ ಎಲ್‌ಪಿಗಳಲ್ಲಿ ಬ್ರಿಟನ್ನಿನ ಮೋನೋ 'ಪಿಎಂಸಿ', ಸ್ಟೀರಿಯೋ 'ಪಿಸಿಎಸ್'. 'ಪಿಎಂಸಿಒ', 'ಪಿಸಿಎಸ್ಒ' ಎಂದು ಕೊನೆಗೆ ಒ ಸೇರಿದರೆ ಆಸ್ಟ್ರೇಲಿಯಾ. ಎಂ ಸೇರಿ 'ಪಿಎಂಸಿಎಂ', 'ಪಿಸಿಎಸ್ಎಂ' ಆದರೆ ನ್ಯೂಜಿಲೆಂಡ್. ಜೆ ಸೇರಿದರೆ ದಕ್ಷಿಣ ಆಫ್ರಿಕಾ. ಭಾರತದ ತಟ್ಟೆಗಳಲ್ಲಿ ಬ್ರಿಟನ್ನಿನ ನಂಬರೇ ಇರುವುದು ಸಾಮಾನ್ಯ. ನಾನು ಬಜಾರಿನಲ್ಲಿ ಬಿದ್ದದ್ದು ಇದೇ ಹಳ್ಳಕ್ಕೆ.

1970ರ ದಶಕದ ಇಎಂಐ ಯುರೋಪ್ ನಂಬರುಗಳು ಇನ್ನೂ ಸುಲಭ. '1ಸಿ 062' ಎಂಬಂತೆ ಶುರುವಾಗುತ್ತವೆ. 1ಸಿ ಜರ್ಮನಿ, 2ಸಿ ಫ್ರಾನ್ಸ್, 3ಸಿ ಇಟಲಿ, 4ಸಿ ಬೆಲ್ಜಿಯಂ, 5ಸಿ ಹಾಲೆಂಡ್. ಇಷ್ಟು ಬಾಯಿಪಾಠ ಮಾಡಿಕೊಂಡರೆ ಫೋಟೋ ಎಷ್ಟೇ ಮಸುಕಾಗಿರಲಿ, ಕವರಿನ ಮೂಲೆಯ ನಂಬರಿನಿಂದಲೇ ದೇಶ ಹೇಳಬಹುದು. ಆದರೆ ಕವರ್ ಒಂದು ದೇಶದ್ದು, ತಟ್ಟೆ ಇನ್ನೊಂದು ದೇಶದ್ದು ಆಗಿರುವುದೂ ಉಂಟು. ಎರಡರ ನಂಬರನ್ನೂ ಹೋಲಿಸಿ ನೋಡಿ.

ಸ್ಪೇನಿನ ಕವರ್ ಮೇಲೆ 'ದೆಪೊಸಿತೊ ಲೆಗಾಲ್' ಎಂಬ ಸಾಲಿದ್ದರೆ ಹಬ್ಬ. ಕಾನೂನಿನ ಪ್ರಕಾರ ಸರ್ಕಾರಕ್ಕೆ ಪ್ರತಿ ಒಪ್ಪಿಸಿದ ನಂಬರ್ ಅದು. ಎಂ ಎಂದರೆ ಮ್ಯಾಡ್ರಿಡ್, ಬಿ ಎಂದರೆ ಬಾರ್ಸಿಲೋನಾ, ಕೊನೆಯಲ್ಲಿ ವರ್ಷ.

ಹಂತ 4: ಚೌಕದೊಳಗಿನ ನಾಲ್ಕು ಅಕ್ಷರ

ಹಾಡು ಬರೆದವರಿಗೆ ರಾಯಧನ ವಸೂಲಿ ಮಾಡುವ ಸಂಘ ಹಲವು ದೇಶಗಳಲ್ಲಿ ಇದೆ. ಅದರ ಹೆಸರು ಲೇಬಲ್ಲಿನ ಬದಿಯಲ್ಲಿ ಸಣ್ಣ ಚೌಕದೊಳಗೆ ಇರುತ್ತದೆ. 'ಗೇಮಾ' ಜರ್ಮನಿ. 'ಸಾಸೆಮ್' ಫ್ರಾನ್ಸ್. 'ಸ್ಟೆಮ್ರಾ' ಹಾಲೆಂಡ್. 'ಎಸ್‌ಐಎಇ' ಇಟಲಿ. 'ಎಂಸಿಪಿಎಸ್' ಬ್ರಿಟನ್. 'ಜಸ್ರಾಕ್' ಜಪಾನ್. 'ಎನ್‌ಸಿಬಿ' ಇದ್ದರೆ ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್ ಕಡೆಯದು. ಅಮೆರಿಕದ ಲೇಬಲ್ಲಿನಲ್ಲಿ ಪ್ರತಿ ಹಾಡಿನ ಹೆಸರಿನ ಪಕ್ಕದಲ್ಲೇ 'ಬಿಎಂಐ' ಅಥವಾ 'ಆಸ್ಕ್ಯಾಪ್' ಎಂದಿರುವುದು ರೂಢಿ.

ಒಂದು ಎಚ್ಚರಿಕೆ. 'ಬಿಯೆಮ್' ಎಂಬುದು ಒಂದೇ ದೇಶದ್ದಲ್ಲ, ಅಂತರರಾಷ್ಟ್ರೀಯ ಒಕ್ಕೂಟ. ಹಲವು ದೇಶಗಳ ಲೇಬಲ್ ಮೇಲೆ ಕಾಣುತ್ತದೆ. ಅದರಿಂದ ದೇಶ ತೀರ್ಮಾನಿಸಬೇಡಿ. ಇನ್ನೊಂದು, 'ಎಲ್‌ಸಿ' ಎಂದು ಬರೆದು ಪಕ್ಕದಲ್ಲಿ ಅಂಕಿ ಇದ್ದರೆ ಅದು ಜರ್ಮನಿಯಲ್ಲಿ 1970ರ ದಶಕದ ನಡುವಿನ ನಂತರ ಬಂದ ಲೇಬಲ್ ಕೋಡ್. 1968ರ ಮೊದಲ ಅಚ್ಚು ಎಂದು ಯಾರಾದರೂ ಮಾರುತ್ತಿರುವ ತಟ್ಟೆಯಲ್ಲಿ ಎಲ್‌ಸಿ ಕಂಡರೆ ನಕ್ಕು ಮುಂದೆ ಹೋಗಿ.

ಹಂತ 5: ಬಣ್ಣ ಮತ್ತು ವಿನ್ಯಾಸದಿಂದ ವಯಸ್ಸು

ಎಲ್ಲ ಲೇಬಲ್ಲುಗಳ ಬಣ್ಣ ನೆನಪಿಡಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ನಿಮಗೆ ಇಷ್ಟವಾದ ಎರಡು ಮೂರು ಲೇಬಲ್ ಹಿಡಿದು ಅವುಗಳನ್ನು ಚೆನ್ನಾಗಿ ಕಲಿಯಿರಿ.

ಅಮೆರಿಕದ ಕೊಲಂಬಿಯಾದಲ್ಲಿ ಕಣ್ಣು ಎಣಿಸಬೇಕು. ಕಣ್ಣಿನಾಕಾರದ ಗುರುತು ಆರು ಇದ್ದರೆ 1950ರ ದಶಕದ ನಡುವಿನಿಂದ 1962ರವರೆಗಿನದು. ಎರಡು ಇದ್ದರೆ 1962ರಿಂದ 1970. ಅಂಚಿನ ಸುತ್ತ ಕೊಲಂಬಿಯಾ ಎಂದು ಮತ್ತೆ ಮತ್ತೆ ಬರೆದ ಕೆಂಪು ಲೇಬಲ್ ಆದರೆ ಆಮೇಲಿನದು. 'ಕೈಂಡ್ ಆಫ್ ಬ್ಲೂ' ಮೊದಲ ಅಚ್ಚು ಎಂದರೆ ಆರು ಕಣ್ಣು ಇರಲೇಬೇಕು. ಅಮೆರಿಕದ ಇನ್ನೊಂದು ಲೇಬಲ್ ಕ್ಯಾಪಿಟಲ್‌ನಲ್ಲಿ ಕಪ್ಪು ಲೇಬಲ್ಲಿನ ಸುತ್ತ ಕಾಮನಬಿಲ್ಲು ಇರುತ್ತದೆ. ಕಂಪನಿಯ ಗುರುತು ಎಡಬದಿಯಲ್ಲಿದ್ದರೆ 1962ಕ್ಕಿಂತ ಹಿಂದಿನದು, ಮೇಲೆ ಇದ್ದರೆ 1962ರಿಂದ 1969ರವರೆಗಿನದು. ಆಮೇಲೆ ತಿಳಿ ಹಸಿರು ಬಂತು.

ಜಾಝ್ ಪ್ರಿಯರ ಬ್ಲೂ ನೋಟ್‌ನಲ್ಲಿ ಬಣ್ಣಕ್ಕಿಂತ ವಿಳಾಸ ಮುಖ್ಯ. ಕಂಪನಿ ಮನೆ ಬದಲಿಸಿದಾಗೆಲ್ಲ ಲೇಬಲ್ ಮೇಲೂ ಬದಲಾಯಿಸಿತು. '767 ಲೆಕ್ಸಿಂಗ್ಟನ್ ಅವೆನ್ಯೂ' 1957ಕ್ಕೆ ಮುಂಚಿನದು, ನಂತರ '47 ವೆಸ್ಟ್ 63', ಅದರ ನಂತರ ಬರೀ 'ನ್ಯೂಯಾರ್ಕ್ ಯುಎಸ್ಎ', 1966ರ ನಂತರ ಹೊಸ ಯಜಮಾನರಾದ 'ಲಿಬರ್ಟಿ' ಕಂಪನಿಯ ಹೆಸರು. ಜೊತೆಗೆ ರನ್‌ಔಟ್‌ನಲ್ಲಿ ಕಿವಿಯಂತೆ ಕಾಣುವ ಒಂದು ಗುರುತು ಹುಡುಕಿ. ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ 'ಪಿ'. 1966ರವರೆಗೆ ಅಲ್ಲೇ ಒತ್ತುತ್ತಿದ್ದರು. ಹಳೆ ವಿಳಾಸದ ಲೇಬಲ್ ಇದೆ ಆದರೆ ಕಿವಿ ಇಲ್ಲ ಎಂದರೆ, ಮಿಕ್ಕಿದ್ದ ಹಳೆ ಲೇಬಲ್ ಕಾಗದವನ್ನು ಹೊಸ ಯಜಮಾನರು ಬಳಸಿರಬಹುದು. ಇಬ್ಬರು ಸಾಕ್ಷಿ ಬೇಕು ಅಂದದ್ದು ಇದಕ್ಕೇ.

ಬ್ರಿಟಿಷ್ ಡೆಕ್ಕಾದ ರಾಕ್ ತಟ್ಟೆಗಳಲ್ಲಿ ಕೆಂಪು ಲೇಬಲ್ ಮೋನೋ, ನೀಲಿ ಸ್ಟೀರಿಯೋ. ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 1973ರ ಬ್ರಿಟಿಷ್ ಮೊದಲ ಅಚ್ಚಿನಲ್ಲಿ ಲೇಬಲ್ಲಿನ ತ್ರಿಕೋನದ ಒಳಗೆ ನೀಲಿ ತುಂಬಿದೆ. ಆಮೇಲೆ ಬರೀ ಗೆರೆ. ಆ ಒಂದು ಚಿಟಿಕೆ ನೀಲಿಗೆ ಜನ ಕೊಡುವ ದುಡ್ಡು ನೋಡಿದರೆ ಮನೆಯವರಿಗೆ ಹೇಳಲು ಭಯವಾಗುತ್ತದೆ.

ಜಪಾನಿನಲ್ಲಿ ಲೇಬಲ್ಲಿಗಿಂತ ಜಾಸ್ತಿ ಬೆಲೆ ಕವರಿಗೆ ಸುತ್ತಿದ ಕಾಗದದ ಪಟ್ಟಿಗೆ. ಅದು 'ಒಬಿ', ಕಿಮೊನೊಗೆ ಕಟ್ಟುವ ನಡುಪಟ್ಟಿಯ ಹೆಸರು. ಒಬಿ ಹರಿದಿದ್ದರೆ ಬೆಲೆ ಇಳಿಯುತ್ತದೆ. ತೋಶಿಬಾ ಒತ್ತಿದ 1960ರ ದಶಕದ ತಟ್ಟೆಗಳಲ್ಲಿ ಕೆಲವು ಕೆಂಪು ಬಣ್ಣದವು. ಧೂಳು ಅಂಟದಿರಲಿ ಎಂದು ಮಾಡಿದ 'ಎವರ್‌ಕ್ಲೀನ್' ವಿನೈಲ್ ಅದು, ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ ಕಾಣುತ್ತದೆ. ಬಿಳಿ ಲೇಬಲ್ ಇದ್ದು ಅದರ ಮೇಲೆ 'ಮಿಹೊಂಬಾನ್' ಎಂಬ ಜಪಾನಿ ಅಕ್ಷರ ಇದ್ದರೆ ಅದು ರೇಡಿಯೋದವರಿಗೆ, ಅಂಗಡಿಯವರಿಗೆ ಕೊಟ್ಟ ಮಾದರಿ ಪ್ರತಿ.

ಸೋವಿಯತ್ ತಟ್ಟೆಗಳಲ್ಲಿ ಮೆಲೋದಿಯಾ ಎಂಬ ಒಂದೇ ಕಂಪನಿ, 1964ರಿಂದ. ಆದರೆ ಅಪ್ರೆಲೆವ್ಕಾ, ರಿಗಾ, ಲೆನಿನ್‌ಗ್ರಾಡ್, ತಾಷ್ಕೆಂಟ್ ಹೀಗೆ ಕಾರ್ಖಾನೆಗಳು ಹಲವು. ಒಂದೇ ರೆಕಾರ್ಡು ನಾಲ್ಕಾರು ಬಣ್ಣದ ಲೇಬಲ್ಲಿನಲ್ಲಿ ಸಿಗುತ್ತದೆ, ಬಣ್ಣ ನೋಡಿ ಮೊದಲ ಅಚ್ಚು ಅನ್ನಬೇಡಿ. ಬದಲು 'ಗೋಸ್ಟ್ 5289' ಎಂಬ ಸರ್ಕಾರಿ ಗುಣಮಟ್ಟದ ನಂಬರ್ ಹುಡುಕಿ. ಅದರ ಮುಂದೆ 61, 68, 73, 80 ಅಥವಾ 88 ಎಂದಿರುತ್ತದೆ. ಅದು ಆ ನಿಯಮ ಬಂದ ವರ್ಷ, ತಟ್ಟೆ ಒತ್ತಿದ ವರ್ಷ ಅಲ್ಲ. 73 ಎಂದಿದ್ದರೆ 1973ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ.

ಹಂತ 6: ಎರಡನೇ ಸಾಕ್ಷಿಯನ್ನು ಕರೆಯಿರಿ

ಈಗ ಟಾರ್ಚ್ ಹಚ್ಚಿ. ರನ್‌ಔಟ್ ಜಾಗದಲ್ಲಿ ಒತ್ತಿದ ಅಥವಾ ಗೀಚಿದ ಅಕ್ಷರಗಳನ್ನು ಎರಡೂ ಬದಿಯಿಂದ ಬರೆದುಕೊಳ್ಳಿ. ಗೆರೆ, ಚುಕ್ಕೆ, ನಕ್ಷತ್ರ ಯಾವುದನ್ನೂ ಬಿಡಬೇಡಿ.

ಬ್ರಿಟನ್ನಿನ ಇಎಂಐ ಹೇಯ್ಸ್ ಕಾರ್ಖಾನೆಯ ಪದ್ಧತಿ ನಿಜಕ್ಕೂ ಚಂದ. ಮ್ಯಾಟ್ರಿಕ್ಸ್ ನಂಬರನ್ನು ಗಡಿಯಾರದ ಆರು ಗಂಟೆಯ ಕಡೆ ಇಟ್ಟುಕೊಳ್ಳಿ. ಕೊನೆಯಲ್ಲಿ '-1ಎನ್' ಎಂದಿದ್ದರೆ ಮೊದಲ ಸಲ ಕೊರೆದದ್ದು, '-2ಎನ್' ಎರಡನೆಯದು. ಒಂಬತ್ತು ಗಂಟೆಯ ಕಡೆ ಇರುವ ಅಂಕಿ 'ಮದರ್' ಸಂಖ್ಯೆ. ತಟ್ಟೆ ಒತ್ತುವ ಲೋಹದ ಅಚ್ಚಿಗೆ ಸ್ಟಾಂಪರ್ ಎಂದು ಹೆಸರು, ಆ ಸ್ಟಾಂಪರ್ ತಯಾರಿಸುವ ಲೋಹದ ಪ್ರತಿಯೇ ಮದರ್. ಮೂರು ಗಂಟೆಯ ಕಡೆ ಇರುವ ಅಕ್ಷರಗಳು ಸ್ಟಾಂಪರ್ ಸಂಖ್ಯೆ, ಗುಪ್ತ ಲಿಪಿಯಲ್ಲಿ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಅಂಕಿ ಮಾಡಿಕೊಂಡಿದ್ದರು: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. 'ಜಿ' ಒಂದೇ ಇದ್ದರೆ ಮೊದಲ ಸ್ಟಾಂಪರ್. 'ಆರ್‌ಒ' ಎಂದಿದ್ದರೆ ಇಪ್ಪತ್ತೈದನೆಯದು. ನಮ್ಮ ಕಿರಾಣಿ ಅಂಗಡಿಯವರು ಅಸಲು ಬೆಲೆಯನ್ನು ಅಕ್ಷರದಲ್ಲಿ ಬರೆದಿಡುತ್ತಿದ್ದರಲ್ಲ, ಅದೇ ಬುದ್ಧಿ.

ಅಮೆರಿಕದ ಕ್ಯಾಪಿಟಲ್‌ನಲ್ಲಿ ಕಾರ್ಖಾನೆಗೊಂದು ಚಿಹ್ನೆ. ನಕ್ಷತ್ರ ಇದ್ದರೆ ಲಾಸ್ ಏಂಜಲೀಸ್, ತ್ರಿಕೋನದೊಳಗೆ ಅಕ್ಷರ ಇದ್ದರೆ ಸ್ಕ್ರಾಂಟನ್, ಸೊನ್ನೆ ಇದ್ದರೆ ಜಾಕ್ಸನ್‌ವಿಲ್. ವಿಂಚೆಸ್ಟರ್ ಕಾರ್ಖಾನೆಯವರು ಬಂದೂಕಿನ ಆಕಾರ ಹಾಕಿದರು. ವಿಂಚೆಸ್ಟರ್ ಎಂದರೆ ಅಲ್ಲಿ ಬಂದೂಕಿನ ಹೆಸರೂ ಹೌದು, ತಮಾಷೆಗೆ ಕಡಿಮೆ ಇರಲಿಲ್ಲ. ಇಟಲಿಯ ತಟ್ಟೆಗಳಲ್ಲಿ ರನ್‌ಔಟ್‌ನಲ್ಲೇ ತಾರೀಕು ಬರೆದಿರುವುದು ಉಂಟು, ಅದಕ್ಕಿಂತ ಉಪಕಾರ ಇನ್ನೇನು ಬೇಕು.

ಈಗ ಎರಡೂ ಸಾಕ್ಷಿಗಳನ್ನು ಎದುರು ಬದುರು ಕೂರಿಸಿ. ಲೇಬಲ್ ಒಂದು ದೇಶ ಹೇಳುತ್ತದೆ, ಮ್ಯಾಟ್ರಿಕ್ಸ್ ಇನ್ನೊಂದು ಹೇಳುತ್ತದೆ ಎಂದರೆ ಗಾಬರಿಯಾಗಬೇಡಿ. ಒತ್ತಿದ ಜಾಗಕ್ಕೆ ಲೇಬಲ್ ಮಾತು ನಂಬಿ, ಧ್ವನಿಯ ಮೂಲಕ್ಕೆ ರನ್‌ಔಟ್ ಮಾತು ನಂಬಿ. ಲೋಹದ ಅಚ್ಚುಗಳು ದೇಶದಿಂದ ದೇಶಕ್ಕೆ ಹೋಗುತ್ತಿದ್ದವು, ಲೇಬಲ್ ಕಾಗದ ಮಾತ್ರ ಊರಲ್ಲೇ ಮುದ್ರಣವಾಗುತ್ತಿತ್ತು.

ನಮ್ಮ ತಟ್ಟೆಗಳ ವಿಷಯ

ಭಾರತದ ಮೊದಲ ರೆಕಾರ್ಡುಗಳೇ ಈ ಗೊಂದಲದಿಂದ ಶುರುವಾದವು. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿದರು. ತಟ್ಟೆ ಒತ್ತಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಲೇಬಲ್ ಮೇಲೆ ಹ್ಯಾನೋವರ್ ಹೆಸರು ಕಾಣುತ್ತದೆ. ಹಾಡಿನ ಕೊನೆಗೆ ಅವರು 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಹೇಳುವುದು, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾವ ಲೇಬಲ್ ಹಚ್ಚಬೇಕು ಎಂದು ಗೊತ್ತಾಗಲಿ ಎಂದು. ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು.

1908ರಲ್ಲಿ ಕೋಲ್ಕತ್ತದ ಸಿಯಾಲ್ದಾದಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಬಂತು, 1928ರಲ್ಲಿ ದಮ್‌ದಮ್‌ಗೆ ಹೋಯಿತು. 78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಹಳೆ ತಟ್ಟೆಗಳಲ್ಲಿ ನಂಬರಿನ ಮುಂದಿನ ಅಕ್ಷರ ನೋಡಿ. 'ಎನ್' ಎಚ್‌ಎಂವಿ, 'ಜಿಇ' ಕೊಲಂಬಿಯಾ, 'ಎಫ್‌ಟಿ' ಟ್ವಿನ್ ಎಂಬ ಲೇಬಲ್. ಹಳೆಯ ಕನ್ನಡ ತಟ್ಟೆಗಳ ಲೇಬಲ್ ಮೇಲೆ ಭಾಷೆಯನ್ನು 'ಕ್ಯಾನರೀಸ್' ಎಂದು ಬರೆದಿರುತ್ತಾರೆ. ಪಟ್ಟಿಗಳಲ್ಲಿ ಹುಡುಕುವಾಗ ಆ ಪದವನ್ನೂ ಹಾಕಿ ನೋಡಿ, 'ಕನ್ನಡ' ಎಂದು ಹುಡುಕಿದರೆ ಸಿಗದೆ ಹೋದದ್ದು ಸಿಗುತ್ತದೆ. 1969ರಲ್ಲಿ ಮುಂಬೈಯಲ್ಲಿ ಪಾಲಿಡೋರ್ ಕಂಪನಿ ಬಂದ ಮೇಲೆ ದಮ್‌ದಮ್‌ಗೆ ಸರಿಯಾದ ಪೈಪೋಟಿ ಶುರುವಾಯಿತು.

ಹೊರದೇಶದವರು ಭಾರತದ ತಟ್ಟೆ ಹುಡುಕಿಕೊಂಡು ಬರುವುದು ಎರಡು ಕಾರಣಕ್ಕೆ. ಒಂದು, ಬ್ರಿಟನ್ನಿನ ಅಚ್ಚಿನಿಂದ ಒತ್ತಿದ ಇಎಂಐ ಎಲ್‌ಪಿಗಳು. ಇನ್ನೊಂದು, ಬೀಟಲ್ಸ್‌ನ 78 ತಟ್ಟೆಗಳು. ಬ್ರಿಟನ್ನಿನಲ್ಲಿ 78 ನಿಂತುಹೋಗಿದ್ದ ಕಾಲದಲ್ಲಿ ಇಲ್ಲಿ ಕೀ ಕೊಡುವ ಗ್ರಾಮಫೋನುಗಳು ಇನ್ನೂ ಬಳಕೆಯಲ್ಲಿದ್ದವು. ಹಾಗಾಗಿ ಬೀಟಲ್ಸ್ ಹಾಡುಗಳು ಪಾರ್ಲೋಫೋನ್ 'ಡಿಪಿಇ' ನಂಬರಿನಲ್ಲಿ 78 ಆಗಿ ಬಂದವು. ನಿಮ್ಮ ಅಜ್ಜನ ಮನೆಯ ಟ್ರಂಕಿನಲ್ಲಿ ಅಂಥದ್ದೊಂದು ಸಿಕ್ಕರೆ ಹಳೆ ಪೇಪರಿನವನಿಗೆ ಹಾಕಬೇಡಿ, ದಮ್ಮಯ್ಯ.

ನಕಲಿ ಗುರುತಿಸುವುದು

ಅಸಲಿ ತಟ್ಟೆಯಲ್ಲಿ ಲೇಬಲ್ಲನ್ನು ಗೋಂದು ಹಾಕಿ ಅಂಟಿಸಿರುವುದಿಲ್ಲ. ಬಿಸಿ ವಿನೈಲ್ ಒತ್ತುವಾಗಲೇ ಕಾಗದ ಅದರೊಳಗೆ ಸೇರಿಕೊಳ್ಳುತ್ತದೆ. ಅಂಚು ಉಗುರಿಗೆ ಸಿಕ್ಕಿದರೆ, ಕೆಳಗೆ ಗಾಳಿಗುಳ್ಳೆ ಕಂಡರೆ ಅನುಮಾನಿಸಿ. ಅಕ್ಷರಗಳ ಅಂಚು ಮಸುಕಾಗಿದ್ದರೆ ಲೇಬಲ್ಲಿನ ಫೋಟೋ ತೆಗೆದು ಮುದ್ರಿಸಿದ್ದಾರೆ ಎಂದರ್ಥ.

ಬೀಟಲ್ಸ್‌ನ ಅಮೆರಿಕದ ಎಲ್‌ಪಿ 'ಇಂಟ್ರಡ್ಯೂಸಿಂಗ್ ದಿ ಬೀಟಲ್ಸ್' 1964ರಲ್ಲಿ ವೀ-ಜೇ ಲೇಬಲ್ಲಿನಲ್ಲಿ ಬಂತು. ಅದರ ನಕಲಿಗಳು ಅಸಲಿಗಿಂತ ಸುಲಭವಾಗಿ ಸಿಗುತ್ತವೆ. ಒಂದು ನೇರ ಪರೀಕ್ಷೆ ಇದೆ. ಅಸಲಿಯಲ್ಲಿ ಎಲ್‌ಪಿ ಹೆಸರು ಮತ್ತು ತಂಡದ ಹೆಸರು ಎರಡೂ ನಡುವಿನ ತೂತಿನ ಮೇಲ್ಗಡೆಯೇ ಇರುತ್ತವೆ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಅದು ನಕಲಿ, ಮಾತು ಮುಗಿಯಿತು.

ಬರೆದಿಡಿ

ನೋಡಿದ್ದೆಲ್ಲ ನೆನಪಿರುವುದಿಲ್ಲ. ಒಂದೊಂದು ತಟ್ಟೆಗೂ ಒಂದು ಚೀಟಿ ಮಾಡಿ ಕವರಿನೊಳಗೆ ಇಡಿ. ಲೇಬಲ್ ಹೆಸರು, ಬಣ್ಣ, ಅಂಚಿನ ಸಾಲಿನ ಮೊದಲ ಪದಗಳು, ನಂಬರ್, ಸಂಘದ ಚೌಕ, ಎರಡೂ ಬದಿಯ ರನ್‌ಔಟ್. ಆನ್‌ಲೈನ್‌ನಲ್ಲಿ ಡಿಸ್ಕಾಗ್ಸ್‌ನಂಥ ಪಟ್ಟಿಯಲ್ಲಿ ಹೋಲಿಸುವಾಗ ಕವರ್ ಚಿತ್ರ ನೋಡಿ ಮೊದಲು ಕಂಡದ್ದನ್ನು ಒತ್ತಬೇಡಿ, ರನ್‌ಔಟ್ ಅಕ್ಷರ ಹಾಕಿ ಹುಡುಕಿ. ಕೊಳ್ಳುವ ಮುಂಚೆ ಮಾರುವವರಿಂದ ಎರಡು ಬದಿಯ ಲೇಬಲ್ ಫೋಟೋ ಕೇಳಿ. ಕೊಡಲು ಹಿಂದೇಟು ಹಾಕಿದರೆ ಕೊಳ್ಳಲು ನೀವೂ ಹಿಂದೇಟು ಹಾಕಿ.

ನನ್ನ ಸಂಡೇ ಬಜಾರ್ ತಟ್ಟೆಯ ಚೀಟಿಯಲ್ಲಿ ಈಗ ಹೀಗಿದೆ: ಪಾರ್ಲೋಫೋನ್, ಕಪ್ಪು ಹಳದಿ, ಪಿಎಂಸಿ. ಒತ್ತಿದ್ದು ದಮ್‌ದಮ್. ಮ್ಯಾಟ್ರಿಕ್ಸ್ ಬ್ರಿಟನ್. ಕವರಿನ ಬೆನ್ನು ಹರಿದಿದೆ, ಸೆಲ್ಲೋಟೇಪ್ ಹಾಕಿದ್ದಾರೆ. ಎರಡನೇ ಬದಿಯ ಮೂರನೇ ಹಾಡಿನಲ್ಲಿ ಗೆರೆ, ಆದರೆ ಮುಳ್ಳು ಹಾರುವುದಿಲ್ಲ.